ನಿದ್ದೆಗೂ ಫಿಟ್ಸಿಗೂ ಏನು ನಂಟು? ರಾತ್ರಿ ಎಚ್ಚರ ಇರುವ ಸೀಸನ್‌ನಲ್ಲಿ ತಿಳಿದಿರಬೇಕಾದ್ದು

ದೀಪಾವಳಿ ಮುಗಿಯಿತು ಅಂದರೆ ನಮ್ಮ ಉತ್ತರ ಕನ್ನಡದಲ್ಲಿ ನಿದ್ದೆಗೆಡುವ ಕಾಲ ಶುರು. ಕುಮಟಾ, ಹೊನ್ನಾವರ, ಅಂಕೋಲಾ ಕಡೆ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ. ಕೊಯ್ಲಾದ ಗದ್ದೆಯಲ್ಲಿ ಬೆಳಗಿನವರೆಗೆ ಆಟ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವ ಕೆಲಸ. ಕೆಂಪಡಿಕೆ ಮಾಡುವ ಮನೆಯಲ್ಲಿ ಹಸಿ ಅಡಿಕೆ ಕಾಯುವ ಹಾಗಿಲ್ಲ. ಹಾಗಾಗಿ ರಾತ್ರಿ ಎಷ್ಟು ಹೊತ್ತಾದರೂ ಸುಲಿತ ನಡೆಯುತ್ತದೆ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆ ಜಾತ್ರೆ ಬಂದರಂತೂ ಶಿರಸಿ ಪೇಟೆಗೆ ರಾತ್ರಿಯೇ ಇಲ್ಲ.

ನವೆಂಬರ್ 17 ನಮ್ಮ ದೇಶದಲ್ಲಿ ರಾಷ್ಟ್ರೀಯ ಅಪಸ್ಮಾರ (ಮೂರ್ಛೆರೋಗ) ದಿನವೂ ಹೌದು. ಎರಡೂ ಒಂದೇ ಹೊತ್ತಿಗೆ ಬರುವುದು ಆಕಸ್ಮಿಕ. ಆದರೆ ಫಿಟ್ಸ್ ಇರುವವರ ಮನೆಯಲ್ಲಿ ಈ ಎರಡನ್ನೂ ಒಟ್ಟಿಗೆ ಯೋಚಿಸಲೇಬೇಕು. "ರಾತ್ರಿ ಪೂರಾ ಆಟ ನೋಡಿ ಬಂದ, ಬೆಳಿಗ್ಗೆ ಬಚ್ಚಲಲ್ಲಿ ಬಿದ್ದ" ಅನ್ನುವ ಮಾತು ಈ ಕಡೆಯವರಿಗೆ ಹೊಸದಲ್ಲ. ಬಿದ್ದ ಮೇಲೆ ಕಾರಣ ಹುಡುಕುತ್ತಾರೆ. ಬರುವ ದಾರಿಯಲ್ಲಿ ಏನೋ ಸೋಂಕಿತು, ರಾಕ್ಷಸ ವೇಷ ನೋಡಿ ಹೆದರಿದ, ಖಾಲಿ ಹೊಟ್ಟೆಯಲ್ಲಿದ್ದ, ಹೀಗೆ. ನಿದ್ದೆಯ ಮಾತು ಎಲ್ಲಕ್ಕಿಂತ ಕೊನೆಗೆ ಬರುತ್ತದೆ. ಎಷ್ಟೋ ಸಲ ಬರುವುದೇ ಇಲ್ಲ. ಆದರೆ ಫಿಟ್ಸ್ ಬಗ್ಗೆ ಡಾಕ್ಟರಿಗೆ ಗೊತ್ತಾಗಬೇಕಾದ ಮೊದಲ ಸಂಗತಿಗಳಲ್ಲಿ ಅದೂ ಒಂದು.

ಮೊದಲು, ಫಿಟ್ಸ್ ಅಂದರೆ ಏನು

ನಮ್ಮ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದು ಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವುದು ಸಣ್ಣ ವಿದ್ಯುತ್ತಿನ ಮೂಲಕ. ಕೆಲವು ಕೋಶಗಳು ಪಕ್ಕದವನ್ನು ಎಬ್ಬಿಸುತ್ತವೆ, ಕೆಲವು ಸುಮ್ಮನಿರಿಸುತ್ತವೆ. ಈ ಎರಡೂ ಸಮತೂಕದಲ್ಲಿ ಇರುವವರೆಗೆ ತೊಂದರೆ ಇಲ್ಲ. ತೂಕ ತಪ್ಪಿ ಒಂದು ಗುಂಪಿನ ಕೋಶಗಳು ಏಕಾಏಕಿ, ಎಲ್ಲವೂ ಒಟ್ಟಿಗೆ, ವಿಪರೀತವಾಗಿ ಕೆಲಸ ಮಾಡಿದಾಗ ಆಗುವುದೇ ಫಿಟ್ಸ್.

ಬಿದ್ದು ಕೈಕಾಲು ಅದುರುವುದು ಮಾತ್ರ ಫಿಟ್ಸ್ ಅಲ್ಲ. ಮಾತಾಡುತ್ತಿದ್ದವರು ಅರ್ಧ ನಿಮಿಷ ದಿಟ್ಟಿಸಿ ನೋಡುತ್ತಾ ನಿಲ್ಲುವುದು, ಬಾಯಿ ಚಪ್ಪರಿಸುವುದು, ಒಂದು ಕೈ ಮಾತ್ರ ಅದುರುವುದು, ತೋಳು ಗಕ್ಕನೆ ಕುಲುಕುವುದು ಕೂಡ ಫಿಟ್ಸ್ ಇರಬಹುದು.

ಒಮ್ಮೆ ಫಿಟ್ಸ್ ಬಂದ ಮಾತ್ರಕ್ಕೆ ಅಪಸ್ಮಾರ ಅನ್ನುವುದಿಲ್ಲ. ಜೋರು ಜ್ವರದಲ್ಲಿ, ಸಕ್ಕರೆ ಅಂಶ ತೀರಾ ಇಳಿದಾಗ ಯಾರಿಗಾದರೂ ಬರಬಹುದು. ಅಂಥ ತಕ್ಷಣದ ಕಾರಣ ಇಲ್ಲದೆ, ಒಂದು ದಿನಕ್ಕಿಂತ ಹೆಚ್ಚು ಅಂತರದಲ್ಲಿ ಎರಡು ಸಲ ಬಂದರೆ ಅಪಸ್ಮಾರ ಎನ್ನುತ್ತಾರೆ. ಒಂದೇ ಸಲ ಬಂದು, ಮತ್ತೆ ಬರುವ ಸಂಭವ ಬಹಳ ಇದೆ ಎಂದು ಪರೀಕ್ಷೆಯಲ್ಲಿ ಕಂಡರೂ ಹಾಗೆಯೇ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಅಪಸ್ಮಾರ ಇದೆ. ಸರಿಯಾಗಿ ಪತ್ತೆ ಮಾಡಿ ಚಿಕಿತ್ಸೆ ಕೊಟ್ಟರೆ ಇವರಲ್ಲಿ ಶೇ. 70ರಷ್ಟು ಜನ ಫಿಟ್ಸ್ ಇಲ್ಲದೆ ಬದುಕಬಹುದು ಎಂದೂ ಅದೇ ಸಂಸ್ಥೆ ಹೇಳುತ್ತದೆ. ಇದು ಗಾಳಿ, ಶಾಪ, ಪೂರ್ವಜನ್ಮದ ಪಾಪ ಯಾವುದೂ ಅಲ್ಲ. ಅಂಟುರೋಗವಂತೂ ಅಲ್ಲವೇ ಅಲ್ಲ.

ನಿದ್ದೆಯಲ್ಲಿ ಮಿದುಳು ಸುಮ್ಮನಿರುವುದಿಲ್ಲ

ಮಿದುಳಿನ ವಿದ್ಯುತ್ತನ್ನು ತಲೆಯ ಹೊರಗಿನಿಂದಲೇ ಗೆರೆಗಳಾಗಿ ಬರೆಯುವ ಪರೀಕ್ಷೆ ಇಇಜಿ. ಮನುಷ್ಯರಲ್ಲಿ ಇದನ್ನು ಮೊದಲು ದಾಖಲಿಸಿದವರು ಜರ್ಮನಿಯ ಹಾನ್ಸ್ ಬರ್ಗರ್, 1924ರಲ್ಲಿ. ನಿದ್ದೆಯಲ್ಲಿ ಮಿದುಳು ಏನು ಮಾಡುತ್ತದೆ ಎಂದು ಕಣ್ಣಿಗೆ ಕಂಡದ್ದು ಈ ಗೆರೆಗಳಿಂದ.

ಕಾರವಾರದ ಭಾನುವಾರದ ಸಂತೆಗೆ ಹೋದವರಿಗೆ ಗೊತ್ತು. ತರಕಾರಿಯವರದ್ದು ಒಂದು ಕೂಗು, ಒಣಮೀನಿನವರದ್ದು ಇನ್ನೊಂದು, ಕೊಂಕಣಿ ಒಂದು ಕಡೆ, ಕನ್ನಡ ಇನ್ನೊಂದು ಕಡೆ. ಸಾವಿರ ಮಾತು, ಆದರೆ ಒಂದಕ್ಕೂ ಇನ್ನೊಂದಕ್ಕೂ ತಾಳ ಇಲ್ಲ. ಎಚ್ಚರ ಇರುವಾಗ ಮಿದುಳು ಹೀಗಿರುತ್ತದೆ. ಅದೇ ಜನ ರಾತ್ರಿ ದೇವಸ್ಥಾನದಲ್ಲಿ ಭಜನೆಗೆ ಕೂತರು ಅಂದುಕೊಳ್ಳಿ. ಈಗ ಎಲ್ಲರದ್ದೂ ಒಂದೇ ತಾಳ. ಗಾಢ ನಿದ್ದೆಯ ಮಿದುಳು ಹೀಗಿರುತ್ತದೆ. ಕೋಟಿಗಟ್ಟಲೆ ಕೋಶಗಳು ಒಟ್ಟಿಗೆ ಎದ್ದು ಒಟ್ಟಿಗೆ ತಣ್ಣಗಾಗುತ್ತವೆ. ಇಇಜಿಯಲ್ಲಿ ದೊಡ್ಡ ದೊಡ್ಡ ನಿಧಾನದ ಅಲೆಗಳು ಕಾಣುತ್ತವೆ.

ಈ ಒಗ್ಗಟ್ಟು ಆರೋಗ್ಯವಂತರಿಗೆ ಒಳ್ಳೆಯದೇ. ನೆನಪು ಗಟ್ಟಿಯಾಗುವುದು, ಮೈ ದುರಸ್ತಿ ಆಗುವುದು ಆಗಲೇ. ಆದರೆ ಮಿದುಳಿನ ಯಾವುದೋ ಮೂಲೆಯಲ್ಲಿ ಫಿಟ್ಸ್ ಹುಟ್ಟುವ ಜಾಗ ಇದ್ದರೆ ಇದೇ ತೊಂದರೆ. ಸಂತೆಯಲ್ಲಿ ಒಬ್ಬ ತಪ್ಪು ತಾಳ ಹಾಕಿದರೆ ಯಾರಿಗೂ ಕೇಳಿಸುವುದಿಲ್ಲ. ಎಲ್ಲರೂ ಒಂದೇ ತಾಳಕ್ಕೆ ಕಿವಿಗೊಟ್ಟಿರುವಾಗ ಒಬ್ಬನ ತಪ್ಪು ಎಲ್ಲರನ್ನೂ ಎಳೆದುಕೊಂಡು ಹೋಗುತ್ತದೆ.

ನಿದ್ದೆ ಪೂರ್ತಿ ಒಂದೇ ತರಹ ಇರುವುದಿಲ್ಲ. ಹಗುರ ನಿದ್ದೆ, ಗಾಢ ನಿದ್ದೆ, ಆಮೇಲೆ ಕನಸಿನ ನಿದ್ದೆ. ಸುಮಾರು 90 ನಿಮಿಷಕ್ಕೆ ಒಂದು ಸುತ್ತು, ರಾತ್ರಿಗೆ ನಾಲ್ಕೈದು ಸುತ್ತು. ಕನಸಿನ ನಿದ್ದೆಯಲ್ಲಿ ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆ ಬೇಗ ಬೇಗ ಓಡಾಡುತ್ತದೆ. ಇದನ್ನು 1953ರಲ್ಲಿ ಅಮೆರಿಕದ ಆಸರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ವಿವರಿಸಿದರು. ಆ ಹೊತ್ತಿನಲ್ಲಿ ಮಿದುಳು ಮತ್ತೆ ಸಂತೆಯ ಹಾಗೆ. ಕೋಶಗಳ ಒಗ್ಗಟ್ಟು ಒಡೆದಿರುತ್ತದೆ, ಮೈಯ ಸ್ನಾಯುಗಳೂ ಸಡಿಲ. ಅದಕ್ಕೇ ಕನಸಿನ ನಿದ್ದೆಯಲ್ಲಿ ಫಿಟ್ಸ್ ಬರುವುದು ಬಹಳ ಅಪರೂಪ. ನಿದ್ದೆಯಲ್ಲಿ ಬರುವ ಫಿಟ್ಸ್ ಹೆಚ್ಚಿನದೆಲ್ಲ ಉಳಿದ ಹಂತಗಳಲ್ಲಿ, ಅದರಲ್ಲೂ ಹಗುರ ನಿದ್ದೆಯ ಎರಡನೇ ಹಂತದಲ್ಲಿ.

ಹಾಗಾದರೆ ನಿದ್ದೆಗೆಟ್ಟರೆ ಒಳ್ಳೆಯದಲ್ವಾ?

ನಿದ್ದೆಯಲ್ಲಿ ಫಿಟ್ಸ್ ಬರುತ್ತದೆ ಅಂದಮೇಲೆ ಎಚ್ಚರ ಇರುವುದೇ ಸುರಕ್ಷಿತ ಅಂತ ಅನ್ನಿಸುವುದು ಸಹಜ. ನಿಜ ಇದಕ್ಕೆ ತಿರುಗುಮುರುಗು.

ನಾವು ಎಚ್ಚರ ಇದ್ದಷ್ಟೂ ಹೊತ್ತು ಮಿದುಳಿನ ಹೊರಪದರ ಹೆಚ್ಚು ಹೆಚ್ಚು ಕೆರಳುತ್ತಾ ಹೋಗುತ್ತದೆ. ತಲೆಯ ಹೊರಗಿನಿಂದ ಆಯಸ್ಕಾಂತದ ಸಣ್ಣ ತಟ್ಟು ಕೊಟ್ಟು ಮಿದುಳು ಎಷ್ಟು ಜೋರಾಗಿ ಪ್ರತಿಕ್ರಿಯಿಸುತ್ತದೆ ಎಂದು ಅಳೆಯಬಹುದು. ಬೆಳಿಗ್ಗೆಗಿಂತ ರಾತ್ರಿ ಜೋರು, ನಿದ್ದೆ ಇಲ್ಲದೆ ಮರುದಿನವಾದರೆ ಇನ್ನೂ ಜೋರು. ಚೆನ್ನಾಗಿ ನಿದ್ದೆ ಮಾಡಿದ ಮೇಲೆ ಇಳಿಯುತ್ತದೆ. ಅಂದರೆ ದಿನವಿಡೀ ಏರಿದ ಈ ಕೆರಳುವಿಕೆಯನ್ನು ಇಳಿಸುವುದು ನಿದ್ದೆಯೇ. ನಿದ್ದೆ ಬಿಟ್ಟರೆ ಅದು ಇಳಿಯದೆ ಹಾಗೇ ಉಳಿಯುತ್ತದೆ. ಅದರ ಮೇಲೆ ಬೆಳಗಿನ ಜಾವ ಕೂತಲ್ಲೇ ತೂಕಡಿಕೆ, ಎಚ್ಚರ, ಮತ್ತೆ ತೂಕಡಿಕೆ. ಎಚ್ಚರದಿಂದ ನಿದ್ದೆಗೆ, ನಿದ್ದೆಯಿಂದ ಎಚ್ಚರಕ್ಕೆ ಹೊರಳುವ ಇಂಥ ಗಳಿಗೆಗಳೇ ಹಲವರಿಗೆ ಅಪಾಯದ ಗಳಿಗೆ.

ಇನ್ನೊಂದು ಮಾತು. ನಿದ್ದೆಗೆಡುವುದು ಒಂಟಿಯಾಗಿ ಬರುವುದಿಲ್ಲ. ಆಟಕ್ಕೆ ಹೊರಟ ಗಡಿಬಿಡಿಯಲ್ಲಿ ರಾತ್ರಿಯ ಮಾತ್ರೆ ತಪ್ಪುತ್ತದೆ. ಊಟ ಹೊತ್ತು ಮೀರುತ್ತದೆ. ಜಾತ್ರೆಯಲ್ಲಿ ಗೆಳೆಯರು ಸಿಕ್ಕರೆ ಕುಡಿತವೂ ಸೇರಿಕೊಳ್ಳಬಹುದು, ಕುಡಿದ ನಶೆ ಇಳಿಯುವ ಮರುದಿನ ಬೆಳಿಗ್ಗೆಯೇ ಫಿಟ್ಸಿನ ಭಯ ಜಾಸ್ತಿ. ಇಷ್ಟೆಲ್ಲ ಕೂಡಿ ಬಂದಾಗ ಯಾವುದರಿಂದ ಫಿಟ್ಸ್ ಬಂತು ಎಂದು ಬೇರ್ಪಡಿಸಿ ಹೇಳುವುದು ಕಷ್ಟ. ಎಲ್ಲರಿಗೂ ನಿದ್ದೆಗೇಡು ಒಂದೇ ಸಮ ತಟ್ಟುವುದೂ ಇಲ್ಲ. ಕೆಲವು ಬಗೆಯ ಅಪಸ್ಮಾರದಲ್ಲಿ ಒಂದೇ ರಾತ್ರಿ ಸಾಕು, ಕೆಲವರಿಗೆ ಅಷ್ಟೇನೂ ವ್ಯತ್ಯಾಸ ಆಗುವುದಿಲ್ಲ.

ಮೈಯೊಳಗಿನ ಗಡಿಯಾರ

ನಮ್ಮ ಬೇಣದಲ್ಲಿ, ದಾರಿಬದಿಯಲ್ಲಿ ಎಲ್ಲೆಲ್ಲೂ ಇರುವ ಮುಟ್ಟಿದರೆ ಮುನಿ ಗಿಡ ಸಂಜೆಯಾದರೆ ತಾನೇ ಎಲೆ ಮಡಚಿಕೊಳ್ಳುತ್ತದೆ. 1729ರಲ್ಲಿ ಫ್ರಾನ್ಸಿನ ಖಗೋಳ ವಿಜ್ಞಾನಿ ದ ಮೆರಾನ್ ಇಂಥದೇ ಒಂದು ಗಿಡವನ್ನು ಬಿಸಿಲೇ ಬೀಳದ ಕತ್ತಲಲ್ಲಿ ಇಟ್ಟು ನೋಡಿದರು. ಆಗಲೂ ಅದು ಹಗಲಿನ ಹೊತ್ತಿಗೆ ಎಲೆ ಬಿಡಿಸಿತು, ರಾತ್ರಿಯ ಹೊತ್ತಿಗೆ ಮಡಚಿತು. ಸೂರ್ಯನನ್ನು ನೋಡದೆಯೂ ಗಿಡಕ್ಕೆ ಹೊತ್ತು ಗೊತ್ತಿತ್ತು.

ನಮಗೂ ಅಂಥದೇ ಒಂದು ಗಡಿಯಾರ ಇದೆ. ಕಣ್ಣಿನ ನರಗಳು ಮಿದುಳಿನ ಬುಡದಲ್ಲಿ ಒಂದನ್ನೊಂದು ದಾಟುವ ಜಾಗಕ್ಕೆ ಸ್ವಲ್ಪ ಮೇಲೆ ಸುಮಾರು 20,000 ನರಕೋಶಗಳ ಒಂದು ಸಣ್ಣ ಗುಂಪು ಇದೆ. ಮೈಯ ಹೊತ್ತನ್ನೆಲ್ಲ ನಡೆಸುವುದು ಇದು. ಇದರ ಒಂದು ದಿನ 24 ಗಂಟೆಗಿಂತ ಸ್ವಲ್ಪ ಉದ್ದ. ಹಾಗಾಗಿ ದಿನಾ ಸರಿ ಮಾಡಿಕೊಳ್ಳಬೇಕು. ಸರಿ ಮಾಡುವುದು ಬೆಳಗಿನ ಬೆಳಕು. ಕತ್ತಲಾದಾಗ ಮಿದುಳಿನ ಪೀನಿಯಲ್ ಗ್ರಂಥಿ ಮೆಲಟೋನಿನ್ ಎಂಬ ಹಾರ್ಮೋನ್ ಬಿಟ್ಟು ರಾತ್ರಿ ಆಯಿತು ಎಂದು ಮೈಗೆಲ್ಲ ತಿಳಿಸುತ್ತದೆ. ರಾತ್ರಿ ಜೋರು ಬೆಳಕು ಕಣ್ಣಿಗೆ ಬಿದ್ದರೆ, ಅದರಲ್ಲೂ ನೀಲಿ ಅಂಶ ಜಾಸ್ತಿ ಇರುವ ಬೆಳಕಾದರೆ, ಮೆಲಟೋನಿನ್ ತಡವಾಗುತ್ತದೆ.

ಗಡಿಯಾರ ಇರುವುದು ಅಲ್ಲಿ ಮಾತ್ರ ಅಲ್ಲ, ಮೈಯ ಹೆಚ್ಚುಕಡಿಮೆ ಎಲ್ಲ ಕೋಶಗಳಲ್ಲೂ ಇದೆ. ಕೋಶದೊಳಗೆ ಕೆಲವು ಪ್ರೋಟೀನುಗಳು ಕೂಡುತ್ತಾ ಹೋಗಿ, ಸಾಕಷ್ಟು ಆದಮೇಲೆ ತಮ್ಮ ತಯಾರಿಯನ್ನು ತಾವೇ ನಿಲ್ಲಿಸಿ, ಕರಗಿ, ಮತ್ತೆ ಕೂಡುತ್ತವೆ. ಒಂದು ಸುತ್ತಿಗೆ ಒಂದು ದಿನ. ನೊಣಗಳಲ್ಲಿ ಇದನ್ನು ಬಿಡಿಸಿ ತೋರಿಸಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬ್ಯಾಷ್, ಮೈಕೆಲ್ ಯಂಗ್ ಅವರಿಗೆ 2017ರಲ್ಲಿ ವೈದ್ಯಕೀಯ ನೊಬೆಲ್ ಬಂತು.

ಅದೇ ವರ್ಷ ಅಪಸ್ಮಾರಕ್ಕೆ ನೇರವಾಗಿ ತಾಗುವ ಇನ್ನೊಂದು ಸಂಗತಿಯೂ ಗೊತ್ತಾಯಿತು. ಮಾತ್ರೆಗೆ ಬಗ್ಗದ ಫಿಟ್ಸಿಗೆ ಆಪರೇಷನ್ ಮಾಡಿ ತೆಗೆದ ಮಿದುಳಿನ ತುಣುಕುಗಳನ್ನು ಪರೀಕ್ಷಿಸಿದಾಗ, ಆ ಗಡಿಯಾರದ ಪ್ರೋಟೀನುಗಳಲ್ಲಿ ಒಂದು ಕಮ್ಮಿ ಇತ್ತು. ಇಲಿಗಳ ಕೆಲವು ನರಕೋಶಗಳಲ್ಲಿ ಅದನ್ನೇ ಇಲ್ಲದಂತೆ ಮಾಡಿದಾಗ ಅವುಗಳಿಗೆ ನಿದ್ದೆಯಲ್ಲಿ ಫಿಟ್ಸ್ ಬಂತು. ಗಡಿಯಾರವೂ ಫಿಟ್ಸೂ ಇಷ್ಟು ಹತ್ತಿರ ಇವೆ.

ಫಿಟ್ಸಿಗೂ ತನ್ನದೇ ಹೊತ್ತು

ಯಾವ ಹೊತ್ತಿಗೆ ಫಿಟ್ಸ್ ಬರುತ್ತದೆ ಎನ್ನುವುದೇ ಅದು ಯಾವ ಬಗೆ ಎಂಬ ಸುಳಿವು ಕೊಡುತ್ತದೆ. ಈ ಲೇಖನದಲ್ಲಿ ಒಂದೇ ಭಾಗ ಓದುವಷ್ಟು ಪುರುಸೊತ್ತಿದ್ದರೆ ಇದನ್ನು ಓದಿ.

ಹದಿಹರೆಯದವರಿಂದ ಶುರು ಮಾಡೋಣ. ಹೈಸ್ಕೂಲು ಅಥವಾ ಪಿಯುಸಿ ಓದುವ ಹುಡುಗಿ. ಬೆಳಿಗ್ಗೆ ಹಲ್ಲುಜ್ಜುವಾಗ ಬ್ರಶ್ ಕೈಯಿಂದ ಹಾರಿಬೀಳುತ್ತದೆ. ಚಹಾ ಲೋಟ ಹಿಡಿದ ಕೈ ಗಕ್ಕನೆ ಕುಲುಕಿ ಚಹಾ ಚೆಲ್ಲುತ್ತದೆ. ಪ್ರಜ್ಞೆ ಏನೂ ತಪ್ಪುವುದಿಲ್ಲ. ಮನೆಯವರು "ಎಂಥದೇ ಅದು, ಸರಿಯಾಗಿ ಹಿಡ್ಕಳ್ಳೋಕಾಗಲ್ವಾ?" ಎಂದು ಗದರಿ ಸುಮ್ಮನಾಗುತ್ತಾರೆ. ಎದ್ದ ಒಂದೆರಡು ಗಂಟೆಯೊಳಗೆ ಮಾತ್ರ ಹೀಗೆ, ಆಮೇಲೆ ದಿನವಿಡೀ ಸರಿ. ಪರೀಕ್ಷೆಗೆ ರಾತ್ರಿ ಓದಿದ ಮರುದಿನ ಜಾಸ್ತಿ. ಒಂದು ದಿನ ಅಂಥದೇ ಬೆಳಿಗ್ಗೆ ದೊಡ್ಡ ಫಿಟ್ಸ್ ಬಂದು ಬೀಳುತ್ತಾಳೆ. ಇದು ಹದಿಹರೆಯದಲ್ಲಿ ಶುರುವಾಗುವ ಒಂದು ಸಾಮಾನ್ಯ ಅಪಸ್ಮಾರ. ನಿದ್ದೆಗೇಡು ತಟ್ಟುವುದರಲ್ಲಿ ಇದಕ್ಕೆ ಎದುರಿಲ್ಲ. ಸರಿಯಾದ ಮಾತ್ರೆಗೆ ಇದು ಚೆನ್ನಾಗಿ ಬಗ್ಗುತ್ತದೆ. ಆದರೆ ಬೇರೆ ಬಗೆಯ ಫಿಟ್ಸಿಗೆ ಒಳ್ಳೆಯದಾದ ಕಾರ್ಬಮಜೆಪಿನ್‌ನಂಥ ಮಾತ್ರೆ ಇಲ್ಲಿ ಕುಲುಕನ್ನು ಹೆಚ್ಚಿಸಬಹುದು. ಹಾಗಾಗಿ ಆ ಚೆಲ್ಲಿದ ಚಹಾದ ಸಂಗತಿ ಡಾಕ್ಟರ ಕಿವಿಗೆ ಬೀಳಲೇಬೇಕು. ಅವರಾಗಿ ಕೇಳದಿದ್ದರೂ ನೀವೇ ಹೇಳಿ.

ಇನ್ನೊಂದು ಬಗೆ ಪ್ರಾಥಮಿಕ ಶಾಲೆಯ ವಯಸ್ಸಿನ ಮಕ್ಕಳಲ್ಲಿ. ನಿದ್ದೆ ಹತ್ತಿದ ಸ್ವಲ್ಪ ಹೊತ್ತಿಗೆ ಅಥವಾ ಏಳುವ ಮುಂಚೆ ಮುಖದ ಒಂದು ಬದಿ ಸೆಳೆಯುತ್ತದೆ, ಬಾಯಿಂದ ಜೊಲ್ಲು, ಗಂಟಲಿಂದ ಒಂದು ಸದ್ದು, ಮಾತು ಬರುವುದಿಲ್ಲ. ನೋಡಿದವರಿಗೆ ಎದೆ ಝಲ್ಲೆನ್ನುತ್ತದೆ. ಆದರೆ ಈ ಬಗೆ ಹದಿನೈದು ಹದಿನಾರು ವರ್ಷದೊಳಗೆ ಹೆಚ್ಚುಕಡಿಮೆ ಎಲ್ಲ ಮಕ್ಕಳಲ್ಲೂ ತಾನೇ ಹೋಗುತ್ತದೆ.

ಮಿದುಳಿನ ಮುಂಭಾಗದಿಂದ, ಅಂದರೆ ಹಣೆಯ ಹಿಂದಿನಿಂದ ಹುಟ್ಟುವ ಫಿಟ್ಸ್ ಹೆಚ್ಚಾಗಿ ನಿದ್ದೆಯಲ್ಲೇ ಬರುವುದು. ಗಾಢ ನಿದ್ದೆಯಲ್ಲಿದ್ದವರು ಏಕಾಏಕಿ ಎದ್ದು ಕೂತು, ಕಾಲು ಸೈಕಲ್ ತುಳಿದಂತೆ ಆಡಿಸಿ, ಕೂಗಿ, ಅರ್ಧ ಒಂದು ನಿಮಿಷದಲ್ಲಿ ಮತ್ತೆ ಮಲಗಿಬಿಡುತ್ತಾರೆ. ಕೆಟ್ಟ ಕನಸು, ದೆವ್ವ ಮೆಟ್ಟಿದ್ದು ಎಂದು ತಿಳಿಯುವುದು ಹೆಚ್ಚಾಗಿ ಇದನ್ನೇ. ಒಂದೇ ರಾತ್ರಿ ಹಲವು ಸಲ, ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ ರೀತಿ ಬರುತ್ತಿದ್ದರೆ ಕನಸೆಂದು ಬಿಡಬೇಡಿ. ಕಿವಿಯ ಮೇಲಿನ ಭಾಗದಿಂದ ಹುಟ್ಟುವ ಫಿಟ್ಸ್ ಇದಕ್ಕೆ ತದ್ವಿರುದ್ಧ. ಅದು ಹಗಲಿನದು, ಮಧ್ಯಾಹ್ನ ಮೀರಿದ ಮೇಲೆ ಜಾಸ್ತಿ.

ಒಂದು ವರ್ಷದೊಳಗಿನ ಮಕ್ಕಳದ್ದು ತುರ್ತಿನ ಮಾತು. ನಿದ್ದೆಯಿಂದ ಎದ್ದ ಕೂಡಲೇ ಮಗು ಕೈಕಾಲು ಮಡಚಿ ಮುಂದಕ್ಕೆ ಬಾಗುತ್ತದೆ. ಕೆಲವು ಸೆಕೆಂಡು ಬಿಟ್ಟು ಮತ್ತೊಮ್ಮೆ, ಮತ್ತೊಮ್ಮೆ. ಹೀಗೆ ಸಾಲಾಗಿ. ಹೊಟ್ಟೆನೋವು, ಬೆಚ್ಚಿ ಬೀಳುವುದು ಎಂದು ಓಮದ ನೀರು ಕುಡಿಸುತ್ತಾ ದಿನ ಕಳೆಯಬಾರದು. ಇದಕ್ಕೆ ಚಿಕಿತ್ಸೆ ತಡವಾದಷ್ಟೂ ಮಗುವಿನ ಬೆಳವಣಿಗೆಗೆ ಪೆಟ್ಟು. ಫೋನಿನಲ್ಲಿ ವಿಡಿಯೊ ಮಾಡಿಕೊಂಡು ಅದೇ ದಿನ ಮಕ್ಕಳ ಡಾಕ್ಟರ ಹತ್ತಿರ ಹೋಗಿ.

ಅಮಾವಾಸ್ಯೆಗೆ ಬರುತ್ತದಾ?

ಹುಣ್ಣಿಮೆ ಅಮಾವಾಸ್ಯೆಗೆ ಫಿಟ್ಸ್ ಜಾಸ್ತಿ ಎನ್ನುವುದು ನಮ್ಮಲ್ಲಿ ಹಳೆಯ ನಂಬಿಕೆ. ಚಂದ್ರನಿಗೂ ಫಿಟ್ಸಿಗೂ ಗಟ್ಟಿ ಸಂಬಂಧ ಅಧ್ಯಯನಗಳಲ್ಲಿ ಕಂಡಿಲ್ಲ. ಆದರೆ "ಇವನಿಗೆ ತಿಂಗಳಿಗೊಮ್ಮೆ ಬರುತ್ತದೆ" ಎನ್ನುವ ತಾಯಿಯ ಮಾತು ಸುಳ್ಳಾಗಬೇಕಿಲ್ಲ. ತಲೆಬುರುಡೆಯಲ್ಲಿ ಕೂರಿಸಿ ವರ್ಷಗಟ್ಟಲೆ ಮಿದುಳಿನ ವಿದ್ಯುತ್ತನ್ನು ಗಮನಿಸುವ ಒಂದು ಸಾಧನ ಅಮೆರಿಕದಲ್ಲಿದೆ. ಅದನ್ನು ಹಾಕಿಸಿಕೊಂಡ 37 ಜನರ ದಾಖಲೆ 2018ರಲ್ಲಿ ಪ್ರಕಟವಾಯಿತು. ದಿನದ ಏರಿಳಿತದ ಜೊತೆಗೆ ಹಲವರಲ್ಲಿ 20ರಿಂದ 30 ದಿನಕ್ಕೊಮ್ಮೆ ಏರುವ ಇನ್ನೊಂದು ಅಲೆಯೂ ಇತ್ತು. ಹೆಂಗಸರಲ್ಲೂ ಇತ್ತು, ಗಂಡಸರಲ್ಲೂ ಇತ್ತು. ಕೆಲವು ಹೆಂಗಸರಿಗೆ ಮುಟ್ಟಿನ ಆಸುಪಾಸಿನಲ್ಲಿ ಫಿಟ್ಸ್ ಜಾಸ್ತಿಯಾಗುವುದು ಮೊದಲಿಂದ ಗೊತ್ತಿರುವ ಸಂಗತಿ. ಇದು ಅದಕ್ಕಿಂತ ಬೇರೆ. ಅಲೆಯ ಹೊತ್ತು ಒಬ್ಬೊಬ್ಬರದ್ದು ಒಂದೊಂದು, ಆಕಾಶದ ಚಂದ್ರನನ್ನು ನೋಡಿ ನಡೆಯುವಂಥದ್ದಲ್ಲ.

ಹಾಗಾಗಿ ಹಾಲಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರ್ ಮೇಲೇ ಫಿಟ್ಸ್ ಬಂದ ದಿನ, ಹೊತ್ತು, ಹಿಂದಿನ ರಾತ್ರಿ ಎಷ್ಟು ಗಂಟೆ ನಿದ್ದೆ ಎಂದು ಒಂದು ಸಾಲು ಬರೆದಿಡಿ. ಆರು ತಿಂಗಳಾದಾಗ ನಿಮ್ಮ ಮನೆಯವರದ್ದೇ ಅಲೆ ನಿಮಗೇ ಕಾಣಬಹುದು.

ಫಿಟ್ಸೂ ನಿದ್ದೆ ಕೆಡಿಸುತ್ತದೆ

ರಾತ್ರಿ ಒಂದು ಫಿಟ್ಸ್ ಬಂದರೆ ಆ ರಾತ್ರಿಯ ಕನಸಿನ ನಿದ್ದೆ ಕಮ್ಮಿಯಾಗುತ್ತದೆ. ಗೊತ್ತೇ ಆಗದಂಥ ಸಣ್ಣ ಫಿಟ್ಸ್ ಬಂದು ಹೋದರೂ ಮರುದಿನ ಮಂಕು. ಆ ಮಂಕಿಗೆ ಮಧ್ಯಾಹ್ನ ಎರಡು ಮೂರು ಗಂಟೆ ಮಲಗಿದರೆ ರಾತ್ರಿ ಮತ್ತೆ ನಿದ್ದೆ ಬರುವುದಿಲ್ಲ. ಕೆಲವು ಮಾತ್ರೆಗಳೂ ಸೇರಿಕೊಳ್ಳುತ್ತವೆ. ಫೀನೋಬಾರ್ಬಿಟಾಲ್, ಕ್ಲೋಬಜಾಮ್ ತೂಕಡಿಕೆ ತರುತ್ತವೆ, ಲ್ಯಾಮೋಟ್ರಿಜಿನ್ ಕೆಲವರ ನಿದ್ದೆ ಕದಿಯುತ್ತದೆ. ಅದಕ್ಕೆ ಮಾತ್ರೆ ಬಿಡುವುದು ಪರಿಹಾರ ಅಲ್ಲ. ಒಮ್ಮೆಲೇ ಮಾತ್ರೆ ಬಿಟ್ಟರೆ ಫಿಟ್ಸ್ ಒಂದರ ಹಿಂದೆ ಒಂದು ಬಂದು ಜೀವಕ್ಕೇ ಅಪಾಯ. ತೆಗೆದುಕೊಳ್ಳುವ ಹೊತ್ತನ್ನು ಅಥವಾ ಮಾತ್ರೆಯನ್ನು ಬದಲಿಸಲು ಡಾಕ್ಟರಿಗೆ ದಾರಿಗಳಿವೆ, ಕೇಳಿ.

ಜೋರು ಗೊರಕೆಯನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. ಗೊರಕೆಯ ನಡುವೆ ಉಸಿರು ಕೆಲವು ಸೆಕೆಂಡು ನಿಂತು, ಮತ್ತೆ ಸಿಕ್ಕಿಕೊಂಡು ಬರುವಂತಿದ್ದರೆ ಅದು ಸ್ಲೀಪ್ ಆಪ್ನಿಯಾ ಇರಬಹುದು. ಉಸಿರು ನಿಂತಾಗೆಲ್ಲ ಮಿದುಳು ಎಚ್ಚರಗೊಳ್ಳುತ್ತದೆ, ರಾತ್ರಿಯಿಡೀ ನಿದ್ದೆ ಚೂರುಚೂರು. ಅದಕ್ಕೆ ಚಿಕಿತ್ಸೆ ಕೊಟ್ಟ ಮೇಲೆ ಫಿಟ್ಸ್ ಕಮ್ಮಿಯಾದವರಿದ್ದಾರೆ.

ಡಾಕ್ಟರೇ ನಿದ್ದೆಗೆಡಿ ಅಂದಾಗ

ಒಂದು ಸಲ ಮಾತ್ರ ಡಾಕ್ಟರೇ "ರಾತ್ರಿ ನಿದ್ದೆ ಕಮ್ಮಿ ಮಾಡಿ ಬನ್ನಿ" ಎನ್ನುತ್ತಾರೆ. ಇಇಜಿಗೆ. ಸಾಮಾನ್ಯ ಇಇಜಿ ಇಪ್ಪತ್ತು ಮೂವತ್ತು ನಿಮಿಷದ್ದು. ಆ ಹೊತ್ತಿನಲ್ಲಿ ಮಿದುಳು ಸುಮ್ಮನಿದ್ದರೆ ಏನೂ ಕಾಣುವುದಿಲ್ಲ. ಹಾಗಾಗಿ ಇಇಜಿ ನಾರ್ಮಲ್ ಬಂತು ಅಂದರೆ ಅಪಸ್ಮಾರ ಇಲ್ಲ ಎಂದಲ್ಲ. ನಿದ್ದೆಗೆಟ್ಟು ಬಂದವರು ಅಲ್ಲೇ ನಿದ್ದೆಹೋದರೆ ಅಡಗಿದ್ದ ಗುರುತು ಕಾಣಿಸಿಕೊಳ್ಳುವ ಸಾಧ್ಯತೆ ಜಾಸ್ತಿ.

ನಮ್ಮ ಜಿಲ್ಲೆಯವರು ನರರೋಗದ ಡಾಕ್ಟರಿಗಾಗಿ ಹುಬ್ಬಳ್ಳಿ, ಮಣಿಪಾಲ, ಮಂಗಳೂರು ಅಥವಾ ಗೋವಾಕ್ಕೆ ಹೋಗುವುದೇ ಹೆಚ್ಚು. ಅಲ್ಲೇ ತೊಡಕು. ರಾತ್ರಿ ಎಚ್ಚರ ಇದ್ದವರು ಬೆಳಗಿನ ಬಸ್ಸಿನಲ್ಲಿ ಅರಬೈಲ್ ಘಟ್ಟ ಹತ್ತುವಾಗಲೇ ನಿದ್ದೆಹೋದರೆ ಎಚ್ಚರ ಇದ್ದದ್ದು ದಂಡ. ಜೊತೆಗೆ ಒಬ್ಬರು ಇರಲೇಬೇಕು, ಎಬ್ಬಿಸುವುದಕ್ಕೂ, ದಾರಿಯಲ್ಲಿ ಫಿಟ್ಸ್ ಬಂದರೆ ನೋಡಿಕೊಳ್ಳುವುದಕ್ಕೂ. ಬೈಕಿನಲ್ಲಿ ಹೋಗುವುದು ಬೇಡವೇ ಬೇಡ. ಹಿಂದಿನ ದಿನ ಶಾಂಪೂ ಹಾಕಿ ತಲೆ ತೊಳೆಯಿರಿ. ಕೊಬ್ಬರಿ ಎಣ್ಣೆ ಉಳಿದರೆ ತಂತಿ ಸರಿಯಾಗಿ ಅಂಟುವುದಿಲ್ಲ. ಡಾಕ್ಟರು ಬೇರೆ ಹೇಳದಿದ್ದರೆ ಮಾತ್ರೆ ಎಂದಿನಂತೆ ತೆಗೆದುಕೊಳ್ಳಿ, ತಿಂಡಿ ತಿನ್ನಿ.

ಆಟ, ಅಡಿಕೆ, ಬೋಟು

ಅಪಸ್ಮಾರ ಇದ್ದವರು ಆಟವನ್ನೇ ನೋಡಬಾರದಾ? ಹಾಗೇನಿಲ್ಲ. ಫಿಟ್ಸ್ ಹಿಡಿತದಲ್ಲಿ ಇದೆಯಾ, ನಿದ್ದೆಗೇಡು ಇವರಿಗೆ ತಟ್ಟುತ್ತದಾ ಎನ್ನುವುದರ ಮೇಲೆ ಹೋಗುತ್ತದೆ. ಈಗ ಕಾಲಮಿತಿಯ ಆಟಗಳು ಬೇಕಾದಷ್ಟು ಆಗುತ್ತವೆ, ನಡುರಾತ್ರಿಯ ಆಸುಪಾಸಿಗೆ ಮುಗಿಯುತ್ತವೆ. ಅವು ಒಳ್ಳೆಯ ಆಯ್ಕೆ. ಇಡೀ ರಾತ್ರಿಯ ಆಟವಾದರೆ ಒಂದು ಪ್ರಸಂಗ ನೋಡಿ ಎದ್ದು ಬರಬಹುದು. ರಾತ್ರಿಯ ಮಾತ್ರೆ ಜೇಬಿನಲ್ಲಿರಲಿ, ಫೋನಿನಲ್ಲಿ ಅಲಾರಂ ಇರಲಿ. ಮರುದಿನ ಬೆಳಿಗ್ಗೆ ಯಾರೂ ಬೇಗ ಎಬ್ಬಿಸಬೇಡಿ. ಆದರೆ ಮಾತ್ರೆಯ ಹೊತ್ತಿಗೆ ಎಬ್ಬಿಸಿ, ನುಂಗಿಸಿ, ಮತ್ತೆ ಮಲಗಲು ಬಿಡಿ.

ಅಡಿಕೆ ಮನೆಯಲ್ಲಿ ಜಾಗ್ರತೆ ಬೇಕಾದ್ದು ಅಡಿಕೆ ಸುಲಿಯುವ ಮೆಟಗತ್ತಿಯ ಬಗ್ಗೆ. ನಿದ್ದೆಗೆಟ್ಟಾಗ ಕೈ ಗಕ್ಕನೆ ಕುಲುಕುವ ಹುಡುಗನನ್ನು ಅದರ ಮುಂದೆ ಕೂರಿಸಬೇಡಿ. ಒಣಗಿಸುವುದು, ಆರಿಸುವುದು ಅವನ ಪಾಲಿಗಿರಲಿ, ಅದೂ ಹಗಲಲ್ಲಿ. ಕೊನೆ ಕೊಯ್ಯಲು ಮರ ಹತ್ತುವವರಿಗೆ ಫಿಟ್ಸ್ ಇದ್ದರೆ ಆ ಕೆಲಸ ನಿಲ್ಲಿಸಲೇಬೇಕು. ಅನ್ನದ ಪ್ರಶ್ನೆ ಎನ್ನುವುದು ಗೊತ್ತಿದ್ದೇ ಹೇಳುತ್ತಿದ್ದೇನೆ.

ಮೀನುಗಾರಿಕೆಯಲ್ಲಿ ಇನ್ನೂ ಕಷ್ಟ. ಬೋಟು ದಿನಗಟ್ಟಲೆ ಕಡಲಲ್ಲಿ, ಬಲೆ ಎಳೆಯುವುದಕ್ಕೆ ರಾತ್ರಿ ಹಗಲು ಇಲ್ಲ. ನೀರಿನ ಮೇಲೆ ಫಿಟ್ಸ್ ಬಂದರೆ ಮುಳುಗುವ ಭಯ. ಫಿಟ್ಸ್ ಹಿಡಿತಕ್ಕೆ ಬರುವವರೆಗೆ ದಡದ ಕೆಲಸ ಹುಡುಕುವುದೇ ಸರಿ. ಕೈಗಾ ಅಣುವಿದ್ಯುತ್ ಸ್ಥಾವರದಂಥ ಕಡೆ ಶಿಫ್ಟ್ ಕೆಲಸ ಇರುವವರು ಡಾಕ್ಟರಿಂದ ಪತ್ರ ಪಡೆದು ರಾತ್ರಿ ಪಾಳಿ ತಪ್ಪಿಸುವಂತೆ ಕೇಳಬಹುದು.

ಮನೆಯೊಳಗೆ ಅಪಾಯದ ಜಾಗ ಬಚ್ಚಲು. ಹಂಡೆಯಲ್ಲಿ ಕುದಿಯುವ ನೀರು, ಕೆಳಗೆ ಒಲೆಯ ಬೆಂಕಿ, ಒಳಗಿನಿಂದ ಚಿಲಕ. ನಿದ್ದೆಗೆಟ್ಟ ಬೆಳಿಗ್ಗೆ ಅಲ್ಲಿ ಒಬ್ಬರೇ ಇರುವುದು ಬೇಡ. ನೀರು ತೋಡಿ ಬೆರೆಸಿ ಬಕೆಟ್ಟಿನಲ್ಲಿ ಇಟ್ಟುಕೊಡಿ, ಚಿಲಕ ಹಾಕದೆ ಬಾಗಿಲು ಮುಂದೆ ಮಾಡಿಕೊಳ್ಳಲಿ.

ರಾತ್ರಿ ಫಿಟ್ಸ್ ಬಂದರೆ

ಮೊದಲು ಗಡಿಯಾರ ನೋಡಿ. ಸುತ್ತಲಿನ ಗಟ್ಟಿ, ಚೂಪು ವಸ್ತು ಸರಿಸಿ. ತಲೆಯ ಕೆಳಗೆ ಮೆತ್ತಗಿನದು ಏನಾದರೂ ಇಡಿ. ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿ, ಜೊಲ್ಲು ಹೊರಗೆ ಹರಿಯಲಿ. ಕೈಕಾಲು ಅಮುಕಿ ಹಿಡಿಯಬೇಡಿ. ಕೈಗೆ ಬೀಗದ ಕೈ, ಕಬ್ಬಿಣ ಕೊಡುವುದರಿಂದ, ಈರುಳ್ಳಿ ಅಥವಾ ಚಪ್ಪಲಿ ಮೂಸಿಸುವುದರಿಂದ ಏನೂ ಆಗುವುದಿಲ್ಲ. ಫಿಟ್ಸ್ ತಾನಾಗಿ ಒಂದೆರಡು ನಿಮಿಷಕ್ಕೆ ನಿಲ್ಲುವಂಥದ್ದು, ನಿಂತದ್ದು ಕಬ್ಬಿಣದಿಂದ ಎಂದು ಅನ್ನಿಸುತ್ತದೆ ಅಷ್ಟೇ. ಹಲ್ಲಿನ ನಡುವೆ ಚಮಚ ಇಡುವುದಂತೂ ಕೂಡದು. ಪೂರ್ತಿ ಎಚ್ಚರ ಬರುವವರೆಗೆ ನೀರೂ ಕುಡಿಸಬೇಡಿ. 5 ನಿಮಿಷ ದಾಟಿದರೆ, ಎಚ್ಚರ ಬರುವ ಮುಂಚೆ ಮತ್ತೊಂದು ಬಂದರೆ, ಬಸುರಿಯಾಗಿದ್ದರೆ, ಪೆಟ್ಟಾಗಿದ್ದರೆ 108ಕ್ಕೆ ಫೋನ್ ಮಾಡಿ.

ಹೇಳಲು ಕಷ್ಟವಾದರೂ ಹೇಳಲೇಬೇಕಾದ ಇನ್ನೊಂದು ಸಂಗತಿ ಇದೆ. ಅಪಸ್ಮಾರ ಇರುವ 1,000 ವಯಸ್ಕರಲ್ಲಿ ವರ್ಷಕ್ಕೆ ಸುಮಾರು ಒಬ್ಬರು ಬೇರೆ ಯಾವ ಕಾರಣವೂ ಇಲ್ಲದೆ ಹಠಾತ್ತಾಗಿ ತೀರಿಕೊಳ್ಳುತ್ತಾರೆ. ಮಕ್ಕಳಲ್ಲಿ ಇದು ಇನ್ನೂ ಅಪರೂಪ. ಹೆಚ್ಚಾಗಿ ಆಗುವುದು ರಾತ್ರಿ, ಒಬ್ಬರೇ ಮಲಗಿದ್ದಾಗ, ದೊಡ್ಡ ಫಿಟ್ಸ್ ಬಂದು ಬೋರಲಾಗಿ ಬಿದ್ದಿರುವಾಗ. ಹೆದರಿ ಕೂರುವುದಕ್ಕೆ ಇದನ್ನು ಹೇಳುತ್ತಿಲ್ಲ, ಕಮ್ಮಿ ಮಾಡುವುದು ನಮ್ಮ ಕೈಯಲ್ಲಿದೆ ಎಂದು ಹೇಳುತ್ತಿದ್ದೇನೆ. ಮಾತ್ರೆ ತಪ್ಪಿಸದೆ ಕೈಕಾಲು ಅದುರುವ ಫಿಟ್ಸನ್ನು ಪೂರ್ತಿ ನಿಲ್ಲಿಸುವುದೇ ದೊಡ್ಡ ರಕ್ಷಣೆ. ರಾತ್ರಿ ಫಿಟ್ಸ್ ಬರುವವರ ಕೋಣೆಯಲ್ಲಿ ಅಥವಾ ಕೂಗು ಕೇಳುವಷ್ಟು ಹತ್ತಿರ ಇನ್ನೊಬ್ಬರು ಮಲಗಬೇಕು.

ಡಾಕ್ಟರ ಹತ್ತಿರ ಹೋಗುವಾಗ

ದೂರದ ಆಸ್ಪತ್ರೆಯಲ್ಲಿ ಅರ್ಧ ದಿನ ಕಾದು ಡಾಕ್ಟರ ಮುಂದೆ ಕೂರಲು ಸಿಗುವುದು ಕೆಲವೇ ನಿಮಿಷ. ಆ ನಿಮಿಷಗಳಿಗೆ ಮನೆಯಲ್ಲೇ ತಯಾರಾಗಿ. ಆ ಕ್ಯಾಲೆಂಡರ್ ಹಾಳೆ ಜೊತೆಗಿರಲಿ. ಫಿಟ್ಸ್ ಎಷ್ಟು ಗಂಟೆಗೆ, ನಿದ್ದೆಯಲ್ಲೋ ಎದ್ದ ಮೇಲೋ, ಹಿಂದಿನ ರಾತ್ರಿ ನಿದ್ದೆ ಎಷ್ಟು, ಮಾತ್ರೆ ತಪ್ಪಿತ್ತಾ, ಗೊರಕೆ ಇದೆಯಾ, ಬೆಳಿಗ್ಗೆ ಕೈ ಕುಲುಕುತ್ತದಾ ಎಂದು ಹೇಳಿ. ಮಾತ್ರೆ ಒಂದು ಹೊತ್ತು ತಪ್ಪಿದರೆ ಏನು ಮಾಡಬೇಕು ಎಂದು ಮೊದಲೇ ಕೇಳಿ ಬರೆದುಕೊಂಡು ಬನ್ನಿ, ಒಂದೊಂದು ಮಾತ್ರೆಗೆ ಒಂದೊಂದು ಉತ್ತರ. ರಾತ್ರಿ ಪಕ್ಕದಲ್ಲಿ ಮಲಗುವವರೇ ಜೊತೆಗೆ ಹೋಗುವುದು ಒಳ್ಳೆಯದು. ನಿದ್ದೆಯಲ್ಲಿ ಬಂದ ಫಿಟ್ಸ್ ಹೇಗಿತ್ತು ಎಂದು ಅದು ಬಂದವರಿಗೆ ಹೇಳಲು ಬರುವುದಿಲ್ಲ.